ಉದ್ದ ಕೂಗು, ಗಿಡ್ಡ ಕೂಗು

ರೈಲು ಸುಮ್ಮನೆ ಕೂಗುವುದಿಲ್ಲ. ಪ್ರತಿ ಕೂಗಿಗೂ ಒಂದು ವಿಳಾಸವಿದೆ: ಹಿಂದಿನ ಎಂಜಿನ್ನಿಗೆ, ಗಾರ್ಡ್ ಡಬ್ಬಿಗೆ, ಕತ್ತಲಲ್ಲಿ ಹಳಿ ಕಾಯುತ್ತ ನಿಂತವನಿಗೆ. ವಾಕಿಟಾಕಿ ಬಂದ ಮೇಲೆ ಆ ಮಾತುಗಳು ಒಂದೊಂದೇ ಮರೆಗೆ ಸರಿಯುತ್ತಿವೆ. ಉಳಿದ ಒಂದು ಉದ್ದ ಕೂಗು ಮಾತ್ರ ನಮಗಾಗಿ. ನಾವೋ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದೇವೆ!

ಗೋವಾದ ಕುಲೆಂ ನಿಲ್ದಾಣ. ನಡುರಾತ್ರಿ ದಾಟಿದೆ. ಮುರ್ಮಗೋವಾ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡು ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗೆ ಹೊರಟ ಗೂಡ್ಸ್ ರೈಲು ಘಟ್ಟಕ್ಕೆ ಮುಖ ಮಾಡಿ ನಿಂತಿದೆ. ಎಳೆಯಲು ಮುಂದೆ ಕೆಲವು ಎಂಜಿನ್, ನೂಕಲು ಹಿಂದೆ ಕೆಲವು. ನಡುವೆ ಅರ್ಧ ಕಿಲೋಮೀಟರಿಗೂ ಮೀರಿದ ವ್ಯಾಗನ್ ಸಾಲು. ಮುಂದಿನ ಚಾಲಕನಿಗೆ ಹಿಂದಿನವನು ಕಾಣುವುದಿಲ್ಲ.

ಸಿಗ್ನಲ್ ಹಸಿರಾಯಿತು. ಮುಂದಿನ ಎಂಜಿನ್ ಒಂದು ಗಿಡ್ಡ ಕೂಗು ಹಾಕಿತು. ಸದ್ದು ಅಷ್ಟು ದೂರ ಹೋಗಲಿಕ್ಕೇ ಒಂದೂವರೆ ಸೆಕೆಂಡ್ ಬೇಕು. ಮರುಗಳಿಗೆಯಲ್ಲಿ ಬಾಲದ ಕಡೆಯಿಂದ ಅಷ್ಟೇ ಗಿಡ್ಡದೊಂದು ಕೂಗು.

‘ನಾನು ತಯಾರು.’

‘ನಾನೂ.’

ಮುಗಿಯಿತು ಮಾತುಕತೆ. ಸಾವಿರಾರು ಟನ್ ಭಾರ ಅಲುಗಾಡಿ, ದೂಧಸಾಗರದ ಜಲಪಾತ ಹಾಯ್ದು, ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್ ಕಡೆಗೆ ಏರತೊಡಗುತ್ತದೆ. 1880ರ ದಶಕದಲ್ಲಿ ಹಾಕಿದ ಈ ಬ್ರಗಾಂಜಾ ಘಟ್ಟದ ಹಳಿ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುತ್ತದೆ. ರೈಲಿನ ಮಟ್ಟಿಗೆ ಅದು ಗೋಡೆ ಹತ್ತಿದ ಹಾಗೆ.

ಆ ಎರಡು ಗಿಡ್ಡ ಕೂಗು ತಪ್ಪಿದರೆ? ಹಿಂದಿನವನು ಅವಸರಪಟ್ಟು ನೂಕಿದರೆ ನಡುವಿನ ವ್ಯಾಗನ್ನುಗಳು ಒತ್ತರಿಸಿಕೊಂಡು ಹಳಿ ಬಿಡಬಹುದು. ಮುಂದಿನವನು ಒಬ್ಬನೇ ಎಳೆದರೆ ಕೊಂಡಿ ಕಿತ್ತು ರೈಲು ಎರಡು ತುಂಡಾಗಬಹುದು. ಇಬ್ಬರೂ ಒಟ್ಟಿಗೆ ಹೊರಡಬೇಕು. ಈಗ ಇಬ್ಬರ ಕೈಯಲ್ಲೂ ವಾಕಿಟಾಕಿ ಇದೆ, ನಿಜ. ಆದರೂ ನಿಯಮ ಪುಸ್ತಕದಿಂದ ಆ ಗಿಡ್ಡ ಕೂಗನ್ನು ಯಾರೂ ತೆಗೆದಿಲ್ಲ.

ವಾಟ್ಸ್ಆ್ಯಪ್ ಪಂಡಿತರ ಪಟ್ಟಿ

ರೈಲಿನ ಹನ್ನೊಂದು ಬಗೆಯ ಹಾರ್ನ್‌ಗಳ ಅರ್ಥ ಗೊತ್ತೇ ಎಂದು ಕೇಳುವ ಸಂದೇಶವೊಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಅದರ ಪ್ರಕಾರ ಒಂದು ಗಿಡ್ಡ ಹಾರ್ನ್ ಎಂದರೆ ‘ರೈಲನ್ನು ತೊಳೆಯಲು ಯಾರ್ಡಿಗೆ ಒಯ್ಯಲಾಗುತ್ತಿದೆ’. ಒಂದು ಗಿಡ್ಡ ಕೂಗಿನ ಅಸಲಿ ಕೆಲಸ ಎಂಥ ಜವಾಬ್ದಾರಿಯದು ಎಂಬುದನ್ನು ಘಟ್ಟದ ಬುಡದಲ್ಲಿ ನೋಡಿದೆವಲ್ಲ! ಎಂಜಿನ್ ಒಂಟಿಯಾಗಿ ಲೋಕೋ ಶೆಡ್ಡಿಗೆ ಹೋಗುವಾಗ, ಅಲ್ಲಿಂದ ಹೊರಡುವಾಗಲೂ ಒಂದು ಗಿಡ್ಡ ಕೂಗು ಹಾಕುವುದುಂಟು. ಯಾರೋ ಅದಕ್ಕೆ ಸೋಪು ನೀರು ಬೆರೆಸಿದ್ದಾರೆ.

ಭಾರತೀಯ ರೈಲ್ವೆಯ ಎಲ್ಲ ವಲಯಗಳಿಗೂ ಬುನಾದಿ 1976ರ ಸಾಮಾನ್ಯ ನಿಯಮಗಳು. ಅದರ ಮೇಲೆ ಪ್ರತಿ ವಲಯವೂ ತನ್ನ ಪೂರಕ ನಿಯಮ ಬರೆದುಕೊಂಡಿದೆ. ಮೂಲ ನಿಯಮ ಚುಟುಕು: ಎಂಜಿನ್ ಅಲುಗಾಡುವ ಮುನ್ನ ಕೂಗಬೇಕು, ಸುರಂಗ ಹೊಗುವಾಗ ಕೂಗಬೇಕು, ಮಿಕ್ಕಂತೆ ಎಲ್ಲೆಲ್ಲಿ ವಿಧಿಸಿದೆಯೋ ಅಲ್ಲಲ್ಲಿ ಕೂಗಬೇಕು. ಈ ‘ಮಿಕ್ಕಂತೆ’ ಎಂಬ ಮಾತಿನಲ್ಲೇ ಇಡೀ ಸಂಸಾರ ಅಡಗಿದೆ.

ಸುರಂಗದ ನಿಯಮದ ಗಮ್ಮತ್ತು ನೋಡಬೇಕೆಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಹಗಲು ರೈಲು ಹತ್ತಬೇಕು. 55 ಕಿಲೋಮೀಟರಿನ ಘಟ್ಟದಲ್ಲಿ 57 ಸುರಂಗ. ಎಂಜಿನ್ ಕೂಗುತ್ತದೆ, ಕತ್ತಲಾಗುತ್ತದೆ, ಬೋಗಿಯ ತುಂಬ ಮಕ್ಕಳೂ ಕಾಲೇಜು ಹುಡುಗರೂ ಅದಕ್ಕಿಂತ ಜೋರಾಗಿ ಕೂಗುತ್ತಾರೆ. ಬೆಳಕು ಬಂದಾಗ ಎಲ್ಲರೂ ಸಂಭಾವಿತರು. ಐದು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಅದೇ.

ಗಾರ್ಡ್ ಸಾಹೇಬರಿಗೆ ಬುಲಾವ್

ಬಹುಪಾಲು ಸಂಕೇತಗಳು ಹುಟ್ಟಿಕೊಂಡಿದ್ದು ಇಬ್ಬರ ನಡುವಣ ದೂರದಿಂದ. ರೈಲಿನ ತಲೆಯಲ್ಲಿ ಡ್ರೈವರ್, ಬಾಲದಲ್ಲಿ ಗಾರ್ಡ್. ಡ್ರೈವರ್ ಈಗ ಲೋಕೋ ಪೈಲಟ್. ಗಾರ್ಡ್ 2022ರ ಜನವರಿಯಿಂದ ಟ್ರೈನ್ ಮ್ಯಾನೇಜರ್. ಪದವಿ ಬದಲಾದರೂ ನಡುವಿನ ದೂರ ಬದಲಾಗಿಲ್ಲ.

ಎರಡು ಗಿಡ್ಡ ಕೂಗಿದರೆ ಗಾರ್ಡಿನ ಸಿಗ್ನಲ್‌ಗೆ ಕರೆ: ಹಸಿರು ತೋರಿಸಿ, ಹೊರಡೋಣ. ಒಂದು ಉದ್ದ, ಒಂದು ಗಿಡ್ಡ ಎಂದರೆ ಬ್ರೇಕ್ ಸಡಿಲಿಸಿ. ಎರಡು ಉದ್ದ, ಎರಡು ಗಿಡ್ಡ ಎಂದರೆ ತುಸು ಎಂಜಿನ್ನಿನವರೆಗೆ ಬನ್ನಿ. ಬೋಗಿಯಿಳಿದು ಜಲ್ಲಿಕಲ್ಲಿನ ಮೇಲೆ ಅಷ್ಟುದ್ದ ನಡೆಯಬೇಕಾದ ಗಾರ್ಡಿಗೆ ಈ ಬುಲಾವ್ ಪ್ರಿಯವಾಗಿರಲಾರದು.

ಮೂರು ಗಿಡ್ಡ ಕೂಗು ಬಂದರೆ ಮಾತ್ರ ಯೋಚಿಸಲು ಹೊತ್ತಿಲ್ಲ. ರೈಲು ನನ್ನ ಹತೋಟಿ ತಪ್ಪಿದೆ, ನಿಮ್ಮ ಬ್ರೇಕ್ ಹಾಕಿ ಎಂದು ಅದರ ತಾತ್ಪರ್ಯ. ಗಾರ್ಡ್ ತನ್ನ ಡಬ್ಬಿಯ ಬ್ರೇಕಿಗೆ ಕೈ ಹಾಕಬೇಕು.

ಪ್ರಯಾಣಿಕರು ಕಿವಿಗೊಟ್ಟರೆ ಸಿಗುವ ಸಂಕೇತವೂ ಒಂದಿದೆ. ನಿಲ್ದಾಣವಿಲ್ಲದ ಬಯಲಿನಲ್ಲಿ ರೈಲು ಗಕ್ಕನೆ ನಿಂತು, ಎರಡು ಗಿಡ್ಡ ಒಂದು ಉದ್ದ ಕೂಗು ಕೇಳಿತೋ, ಯಾರೋ ಚೈನ್ ಎಳೆದಿದ್ದಾರೆ, ಇಲ್ಲವೇ ಗಾರ್ಡೇ ಬ್ರೇಕ್ ಹಾಕಿದ್ದಾರೆ. ತಮ್ಮ ಊರಿನ ಗದ್ದೆ ಬದುವಿಗೇ ಇಳಿಯುವ ಆಸೆಯಿಂದ ಚೈನ್ ಎಳೆಯುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು 1989ರ ರೈಲ್ವೆ ಕಾಯ್ದೆಯಲ್ಲಿ ಅವಕಾಶವಿದೆ.

ನಾಲ್ಕು ಗಿಡ್ಡ, ಒಂದು ಉದ್ದ

ಈ ಭಾಷೆಯ ಪೂರ್ತಿ ಗಾಂಭೀರ್ಯ ತಿಳಿಯುವುದು ನಾಲ್ಕು ಗಿಡ್ಡ ಕೂಗಿನಲ್ಲಿ. ಅಪಘಾತವೋ, ಎಂಜಿನ್ ಕೆಟ್ಟಿತೋ, ಹಳಿಯ ಮೇಲೆ ಮರವೋ ಗುಡ್ಡವೋ ಬಿದ್ದಿದೆಯೋ, ಕಾರಣ ಏನೇ ಇರಲಿ, ರೈಲು ಮುಂದೆ ಹೋಗಲಾರದು. ನಾಲ್ಕು ಗಿಡ್ಡ ಕೂಗು ಕೇಳಿದ ಕೂಡಲೇ ಗಾರ್ಡ್ ಹಿಂದಿನ ದಿಕ್ಕನ್ನು ಕಾಯಬೇಕು.

ಕಾಯುವುದೆಂದರೆ ಡಬ್ಬಿಯಲ್ಲಿ ಕೂತು ನೋಡುವುದಲ್ಲ. ಕೆಂಪು ದೀಪ ಹಿಡಿದು, ಬಂದ ದಾರಿಯಲ್ಲೇ ವಾಪಸು ನಡೆಯಬೇಕು. ಬ್ರಾಡ್‌ಗೇಜ್ ಆದರೆ 600 ಮೀಟರ್ ನಡೆದು ಹಳಿಯ ಮೇಲೆ ಒಂದು ಡಿಟೋನೇಟರ್ ಕಟ್ಟಬೇಕು. ರೈಲಿನವರ ಬಾಯಲ್ಲಿ ಇದು ‘ಪಟಾಕಿ’. ಮತ್ತೆ ನಡೆದು, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಪಟಾಕಿ. ಹಿಂದಿನಿಂದ ಇನ್ನೊಂದು ರೈಲು ಬಂದರೆ ಚಕ್ರದಡಿ ಅವು ಸಿಡಿಯುತ್ತವೆ. ಆ ಸದ್ದು ಕೇಳಿದ ಚಾಲಕ ರೈಲು ತಡೆಯಬೇಕು.

ಮಳೆ, ಕಾಡು, ಅಮಾವಾಸ್ಯೆ ಏನಿದ್ದರೂ ಆ ಮನುಷ್ಯ ಅಲ್ಲಿ ನಿಂತಿರಬೇಕು. ಎಲ್ಲಿಯವರೆಗೆ? ಎಂಜಿನ್ ಒಂದು ಉದ್ದ ಕೂಗು ಹಾಕುವವರೆಗೆ. ಅದು ‘ಮರಳಿ ಬಾ’ ಎಂಬ ಕರೆ. ಬರುವಾಗಲೂ ದೂರದ ಆ ಮೂರು ಪಟಾಕಿಗಳನ್ನು ಹಳಿಯ ಮೇಲೇ ಬಿಟ್ಟು ಬರಬೇಕು. ಅವನು ನಡೆದು ರೈಲು ಸೇರುವಷ್ಟರಲ್ಲಿ ಹಿಂದಿನಿಂದ ಯಾವುದಾದರೂ ಬಂದೀತಲ್ಲ!

ಇಷ್ಟು ಯೋಚಿಸಿ ನಿಯಮ ಬರೆದವರ ಬಗ್ಗೆ ನನಗೆ ಗೌರವ. ಒಂದೊಂದು ಸಾಲಿನ ಹಿಂದೆಯೂ ಯಾವುದೋ ಹಳೆಯ ಅಪಘಾತದ ನೆರಳಿದ್ದೀತು.

ಗಿಡ್ಡ, ಉದ್ದ, ಗಿಡ್ಡ ಎಂಬ ಇನ್ನೊಂದು ಸಂಕೇತ ಹಿರಿಯ ರೈಲ್ವೆ ನೌಕರರಿಗೆ ಹಳೆಯ ಮೀಟರ್‌ಗೇಜ್ ದಿನಗಳನ್ನು ನೆನಪಿಸೀತು. ಒಂಟಿ ಹಳಿಯ ಮೇಲೆ ಎದುರುಬದುರು ರೈಲು ಬಾರದಂತೆ ತಡೆಯಲು ಆಗ ಟೋಕನ್ ಪದ್ಧತಿಯಿತ್ತು. ನಿಲ್ದಾಣದ ಯಂತ್ರದಿಂದ ಲೋಹದ ಒಂದು ಗುಂಡು ಹೊರಬರುತ್ತಿತ್ತು. ಅದು ಕೈಯಲ್ಲಿದ್ದರೆ ಮಾತ್ರ ಮುಂದಿನ ನಿಲ್ದಾಣದವರೆಗಿನ ಹಳಿ ನಿಮ್ಮದು. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ತುದಿಯಲ್ಲಿ ಎತ್ತಿ ಹಿಡಿಯುತ್ತಿದ್ದ. ನಿಲ್ಲದೇ ಹೋಗುವ ಎಂಜಿನ್ನಿನಿಂದ ಫೈರ್‌ಮನ್ ಹೊರಗೆ ಬಾಗಿ, ತೋಳನ್ನು ಬಳೆಯೊಳಗೆ ತೂರಿಸಿ ಸೆಳೆದುಕೊಳ್ಳುತ್ತಿದ್ದ. ರಾತ್ರಿಯಾದರೆ ಅದೇ ಕಸರತ್ತು, ಪಂಜಿನ ಬೆಳಕಿನಲ್ಲಿ.

ಕೈ ತಪ್ಪಿತೋ, ಗಿಡ್ಡ–ಉದ್ದ–ಗಿಡ್ಡ: ಟೋಕನ್ ಸಿಗಲಿಲ್ಲ. ಚೀಲದಲ್ಲಿದ್ದುದು ಬೇರೆಯದೇ ಪರವಾನಗಿ ಎಂದು ಗೊತ್ತಾದರೂ ಅದೇ ಕೂಗು. 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆ ನಮ್ಮ ಮೀಟರ್‌ಗೇಜ್ ಹಳಿಗಳನ್ನು ಕಿತ್ತು ಹಾಕಿತು. ಟೋಕನ್ನೂ ಬೆತ್ತದ ಬಳೆಯೂ ಮೂಲೆ ಸೇರುತ್ತ ಬಂದವು.

> ಬಂಡಿಗೆ ಗುದ್ದಿ ಹುಟ್ಟಿದ ಸೀಟಿ
>
> 1833, ಇಂಗ್ಲೆಂಡಿನ ಲೀಸ್ಟರ್–ಸ್ವಾನಿಂಗ್ಟನ್ ರೈಲು ಮಾರ್ಗ. ‘ಸ್ಯಾಮ್ಸನ್’ ಎಂಬ ಎಂಜಿನ್ ಥಾರ್ನ್‌ಟನ್ ಗೇಟಿನಲ್ಲಿ ಸಂತೆಗೆ ಹೊರಟಿದ್ದ ಕುದುರೆ ಗಾಡಿಗೆ ಗುದ್ದಿತಂತೆ. ಗಾಡಿಯಲ್ಲಿ ಇದ್ದದ್ದು 50 ಪೌಂಡ್ ಬೆಣ್ಣೆ, 80 ಡಜನ್ ಮೊಟ್ಟೆ ಎಂದು ಕಥೆ ಹೇಳುತ್ತದೆ. ಡ್ರೈವರ್ ಬಳಿ ಇದ್ದದ್ದು ಬಾಯಲ್ಲಿ ಊದುವ ತುತ್ತೂರಿ. ಅದು ಯಾರಿಗೂ ಕೇಳಿಸಿರಲಿಲ್ಲ. ಉಗಿಯಿಂದಲೇ ಊದಿಸಬಾರದೇಕೆ ಎಂಬ ಮಾತು ಬಂತು. ರೈಲ್ವೆ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಒಪ್ಪಿದರು. ಲೀಸ್ಟರಿನ ವಾದ್ಯ ತಯಾರಕನೊಬ್ಬ ‘ಉಗಿ ತುತ್ತೂರಿ’ ಮಾಡಿಕೊಟ್ಟ. ಈ ಕಥೆಯಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.
>
> ಅದೇ ಹೊತ್ತಿಗೆ ವೇಲ್ಸ್‌ನ ಡೌಲೈಸ್ ಕಬ್ಬಿಣದ ಕಾರ್ಖಾನೆಯಲ್ಲಿ ಏಡ್ರಿಯನ್ ಸ್ಟೀಫನ್ಸ್ ಎಂಬವರು ಬಾಯ್ಲರಿನಲ್ಲಿ ನೀರು ಕಮ್ಮಿಯಾದರೆ ಕೂಗುವ ಉಗಿ ಸೀಟಿಯೊಂದನ್ನು ಮಾಡಿದ್ದರು. ಎಂಜಿನ್ ನೆತ್ತಿಯ ಮೇಲೆ ಕೂತದ್ದು ಆ ವಂಶದ ಸೀಟಿಯೇ.

ಮಾಗಿಯಲ್ಲಿ ರೈಲು ಹತ್ತಿರ

ಮಾಗಿ ಚಳಿ ಬಂತೆಂದರೆ, ಹಗಲೆಲ್ಲ ಕೇಳಿಸದ ರೈಲು ಬೆಳಗಿನ ಜಾವ ಹಿತ್ತಲಲ್ಲೇ ಹೋದಂತೆ ಕೂಗುತ್ತದೆ. ಊರು ಮಲಗಿರುವುದರಿಂದ ಹಾಗೆ ಎಂದು ನಾವು ಅಂದುಕೊಳ್ಳುತ್ತೇವೆ. ಅರ್ಧ ಮಾತ್ರ ನಿಜ.

ಸದ್ದು ಬೆಚ್ಚನೆಯ ಗಾಳಿಯಲ್ಲಿ ತುಸು ಬೇಗ, ತಣ್ಣನೆಯ ಗಾಳಿಯಲ್ಲಿ ತುಸು ನಿಧಾನ ಸಾಗುತ್ತದೆ. ಹಗಲು ನೆಲ ಕಾದು ನೆಲದ ಮಗ್ಗುಲಿನ ಗಾಳಿಯೂ ಬೆಚ್ಚಗಿರುತ್ತದೆ. ಆಗ ಸದ್ದಿನ ಅಲೆ ಮೇಲಕ್ಕೆ ಬಾಗಿ ಆಕಾಶದ ಪಾಲಾಗುತ್ತದೆ. ಮೋಡವಿಲ್ಲದ ಚಳಿಯ ರಾತ್ರಿ ಇದೆಲ್ಲ ತಿರುವುಮುರುವು. ನೆಲ ತಣ್ಣಗೆ, ಮೇಲಿನ ಗಾಳಿ ಬೆಚ್ಚಗೆ. ಮೇಲೆ ಹೋಗಬೇಕಾಗಿದ್ದ ಸದ್ದು ಕೆಳಕ್ಕೆ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಹಾಗಾಗಿ ಎರಡು ಮೂರು ಊರಿನಾಚೆಯ ಎಂಜಿನ್ ನಮ್ಮ ಕಿಟಕಿಗೆ ಬಂದು ಕೂಗುತ್ತದೆ.

ಕೇಳಿಸುವುದಾದರೂ ಈಗ ಸೀಟಿಯಲ್ಲ, ಹಾರ್ನ್. ಉಗಿ ಎಂಜಿನ್ನಿನ ಸೀಟಿಯಲ್ಲಿ ಬೋರಲು ಹಾಕಿದ ಲೋಹದ ಬಟ್ಟಲಿನ ಅಂಚಿಗೆ ಉಗಿಯ ತೆಳು ಹಾಳೆ ಬಡಿಯುತ್ತಿತ್ತು. ಬಟ್ಟಲು ಉದ್ದವಾದಷ್ಟೂ ದನಿ ಗಡುಸು. ಡೀಸೆಲ್ ಮತ್ತು ವಿದ್ಯುತ್ ಎಂಜಿನ್‌ಗಳಲ್ಲಿ ಬ್ರೇಕಿಗೆಂದು ಹೇಗೂ ಒತ್ತಿಟ್ಟ ಗಾಳಿ ಇರುತ್ತದೆ. ಅದೇ ಗಾಳಿ ತೆಳು ತಗಡೊಂದನ್ನು ನಡುಗಿಸಿ, ಕೊಳವೆಯ ಮೂಲಕ ಹಾರ್ನ್ ಆಗಿ ಹೊರಬರುತ್ತದೆ. ಸೀಟಿಯ ಹಗ್ಗವನ್ನು ಅರೆಬರೆ ಎಳೆದು ದನಿಯನ್ನು ಏರಿಸಿ ಇಳಿಸಿ ಬಳುಕಿಸಬಹುದಿತ್ತು. ಗುಂಡಿ ಒತ್ತಿದರೆ ಬರುವ ಹಾರ್ನಿಗೆ ಆ ಬಳುಕು ಇಲ್ಲ. ಹಳೆಯ ಡ್ರೈವರುಗಳ ಕೈ ಗುರುತು ಹಿಡಿಯುತ್ತಿದ್ದವರು ಇದ್ದರೆಂದರೆ ನಂಬಬಹುದು.

> ದನಿಯಿಂದಲೇ ಹೆಸರಾದವರು
>
> ಅಮೆರಿಕದ ರೈಲು ಡ್ರೈವರ್ ಕೇಸಿ ಜೋನ್ಸ್ ತನ್ನದೇ ಆರು ಕೊಳವೆಯ ಸೀಟಿಯನ್ನು ಎಂಜಿನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಅದರ ದನಿ ಕೇಳಿದ ದಾರಿಯ ಜನ ‘ಕೇಸಿ ಹೋಗುತ್ತಿದ್ದಾನೆ’ ಎನ್ನುತ್ತಿದ್ದರಂತೆ. 1900ರ ಏಪ್ರಿಲ್ 30ರ ನಸುಕಿನಲ್ಲಿ ಮಿಸಿಸಿಪಿಯ ವಾನ್ ಎಂಬಲ್ಲಿ ಹಳಿಯ ಮೇಲೆ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿ ಸತ್ತ. ಸತ್ತದ್ದು ಅವನೊಬ್ಬನೇ.
>
> ಡೀಸೆಲ್ ಬಂದಾಗ ಅಲ್ಲಿ ಹೊಸ ತಕರಾರು ಎದ್ದಿತು. ಎಂಜಿನ್ನಿನ ಒಂಟಿ ದನಿಯ ಹಾರ್ನ್ ಲಾರಿಯ ಹಾರ್ನಿನಂತೆಯೇ ಕೇಳಿಸಿ ಗೇಟುಗಳಲ್ಲಿ ಜನ ಮೋಸ ಹೋಗತೊಡಗಿದರು. ಕೆನಡಾದ ರಾಬರ್ಟ್ ಸ್ವಾನ್ಸನ್ ಹಲವು ಸ್ವರಗಳು ಒಟ್ಟಿಗೆ ನುಡಿಯುವ ಹಾರ್ನ್ ರೂಪಿಸಿ, ಹಳೆಯ ಉಗಿ ಸೀಟಿಯ ಛಾಯೆಯನ್ನು ಮರಳಿ ತಂದರು.

ರೈಲಿನ ಮೇಲೆ ಬ್ಯಾಂಡ್ ಸೆಟ್

ರೈಲು ಎದುರು ಬರುವಾಗ ಏರಿದ ಕೂಗಿನ ದನಿ, ದಾಟಿ ಹೋದೊಡನೆ ಇಳಿಯುವುದು ಎಲ್ಲರಿಗೂ ಗೊತ್ತು. ವಿಜ್ಞಾನಿ ಡಾಪ್ಲರ್ 1842ರಲ್ಲಿ ಮಂಡಿಸಿದ ಈ ತತ್ವವನ್ನು ಪರೀಕ್ಷಿಸಿದ ರೀತಿ ಮಾತ್ರ ಭಲೇ ಸೊಗಸು. 1845ರಲ್ಲಿ ಬೈಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿ ಉಟ್ರೆಕ್ಟ್ ಬಳಿಯ ಹಳಿಯಲ್ಲಿ ಎಂಜಿನ್ನಿನ ಜೊತೆ ತುತ್ತೂರಿ ಊದುವವರನ್ನು ಕೂರಿಸಿದರು. ಹಳಿಯ ಪಕ್ಕ ಸ್ವರಜ್ಞಾನವಿದ್ದ ಸಂಗೀತಗಾರರನ್ನು ನಿಲ್ಲಿಸಿದರು. ಒಬ್ಬರು ಊದುತ್ತ ಹೋಗುವುದು, ಇನ್ನೊಬ್ಬರು ಸ್ವರ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆದುಕೊಳ್ಳುವುದು. ಫೆಬ್ರುವರಿಯ ಮೊದಲ ಪ್ರಯತ್ನ ಹಿಮಪಾತದಲ್ಲಿ ಕೆಟ್ಟಿತು. ಜೂನ್‌ನಲ್ಲಿ ಗೆದ್ದಿತು. ಡಾಪ್ಲರ್ ಹೇಳಿದ್ದು ಸರಿಯೆಂದು ಕಿವಿಯೇ ಸಾಕ್ಷಿ ನುಡಿಯಿತು.

ಇಪ್ಪತ್ತು ಸೆಕೆಂಡಿನ ಮಾತು

ಇನ್ನು ನಮಗೆಂದೇ ಇರುವ ಉದ್ದ ಕೂಗು. ಹಳಿಯ ಪಕ್ಕ ಹಳದಿ ಫಲಕವೊಂದನ್ನು ನೀವು ನೋಡಿರುತ್ತೀರಿ. ಕಪ್ಪು ಅಕ್ಷರದಲ್ಲಿ ‘ಡಬ್ಲ್ಯೂ/ಎಲ್’, ಜೊತೆಗೆ ಹಿಂದಿಯಲ್ಲಿ ‘ಸೀ/ಫಾ’. ಮುಂದೆ ಲೆವೆಲ್ ಕ್ರಾಸಿಂಗ್ ಇದೆ, ಕೂಗುತ್ತ ಹೋಗು ಎಂದು ಚಾಲಕನಿಗೆ ಆಜ್ಞೆ. ಬ್ರಾಡ್‌ಗೇಜಿನಲ್ಲಿ ಗೇಟಿಗೂ ಫಲಕಕ್ಕೂ ನಡುವೆ ಕಡಿಮೆಯೆಂದರೆ 600 ಮೀಟರ್ ಇರಬೇಕು.

ಲೆಕ್ಕ ಹಾಕೋಣ. ಗಂಟೆಗೆ 110 ಕಿಲೋಮೀಟರ್ ವೇಗದ ರೈಲು 600 ಮೀಟರ್ ಕ್ರಮಿಸಲು ಇಪ್ಪತ್ತು ಸೆಕೆಂಡ್ ಸಾಕು. ಅದರಲ್ಲಿ ಸುಮಾರು ಎರಡು ಸೆಕೆಂಡ್ ಸದ್ದು ನಮ್ಮ ಕಿವಿ ಮುಟ್ಟುವುದಕ್ಕೇ ಹೋಯಿತು. ಉಳಿದ ಹದಿನೆಂಟರಲ್ಲಿ ಎಮ್ಮೆ ಹೊಡೆದುಕೊಂಡು ದಾಟುವವನು, ಸ್ಕೂಟರ್ ಬಂದ್ ಬಿದ್ದವನು, ಫೋನಿನಲ್ಲಿ ಮಾತಾಡುತ್ತ ನಡೆಯುವವನು ಎಲ್ಲರೂ ಹಳಿಯಿಂದ ಈಚೆಗೆ ಬರಬೇಕು. ಅಷ್ಟು ವೇಗದ ರೈಲು ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಕಿಲೋಮೀಟರಿನ ಆಸುಪಾಸು ಬೇಕಾಗುತ್ತದೆ. ಆದ್ದರಿಂದ ಎಂಜಿನ್ ಕೂಗುವುದು ‘ನಿಲ್ಲುತ್ತೇನೆ’ ಎಂದಲ್ಲ. ನಿಲ್ಲಲಾರೆ ಎಂದೇ.

ಕಾವಲಿಲ್ಲದ ಗೇಟುಗಳ ಕಾಲದಲ್ಲಿ ಈ ಕೂಗೊಂದೇ ಗತಿಯಾಗಿತ್ತು. 2019ರ ಜನವರಿ ಹೊತ್ತಿಗೆ ಬ್ರಾಡ್‌ಗೇಜ್ ಹಳಿಗಳಲ್ಲಿ ಅಂಥ ಗೇಟುಗಳನ್ನೆಲ್ಲ ತೆಗೆದು ಮುಗಿಸಲಾಯಿತು. ರೈಲ್ವೆಯ ಒಳ್ಳೆಯ ಕೆಲಸಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿಡಬೇಕು.

ಗೇಟಿನಾಚೆ ಹಳಿ ದಾಟುವವರ ಕಥೆ ಬೇರೆ. ಅಕ್ರಮವಾಗಿ ಹಳಿಗಿಳಿದರೆ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ಅದನ್ನು ಓದಿ ಹೆದರಿದವರನ್ನು ನಾನಂತೂ ಕಂಡಿಲ್ಲ. ಇಂಥವರು ಎದುರು ಕಂಡಾಗ ಲೋಕೋ ಪೈಲಟ್ ಬಿಡದೆ ಬಾರಿಸುವ ಗಿಡ್ಡ ಗಿಡ್ಡ ಕೂಗು ಅಪಾಯದ ಸಂಕೇತ. ಎದುರಿನಿಂದ ಬರುವ ಇನ್ನೊಂದು ರೈಲಿಗೆ ‘ನಿನ್ನ ಹಳಿಯಲ್ಲಿ ಅಡ್ಡಿಯಿದೆ’ ಎನ್ನಲೂ ಅದೇ ಕೂಗು.

> ಆನೆಗೆ ಜೇನು, ಜಿಂಕೆಗೆ ನಾಯಿ
>
> ಹಾರ್ನಿಗೆ ಬೆದರದ ಪ್ರಾಣಿಗಳಿಗೆ ಬೇರೆ ಭಾಷೆ ಬೇಕು. ಅಸ್ಸಾಂ ಕಡೆಯ ಈಶಾನ್ಯ ಗಡಿ ರೈಲ್ವೆ ಆನೆ ದಾಟುವ ಕಡೆಗಳಲ್ಲಿ ಧ್ವನಿವರ್ಧಕದಿಂದ ಜೇನ್ನೊಣಗಳ ಝೇಂಕಾರ ಕೇಳಿಸುವ ಉಪಾಯ ಹೂಡಿತು. ಹೆಸರು ‘ಪ್ಲ್ಯಾನ್ ಬೀ’. ಅಷ್ಟು ದೊಡ್ಡ ಪ್ರಾಣಿಗೆ ಜೇನೆಂದರೆ ಭಯ. ಜಪಾನಿನ ರೈಲ್ವೆ ಸಂಶೋಧಕರು ಜಿಂಕೆಯ ಎಚ್ಚರಿಕೆಯ ಸದ್ದಿಗೆ ನಾಯಿಯ ಬೊಗಳು ಸೇರಿಸಿ ರೈಲಿನಿಂದ ಕೇಳಿಸಿ ನೋಡಿದ್ದಾರೆ.

ಕೂಗುವುದನ್ನು ಕಲಿತ ಯಂತ್ರ

2020ರಲ್ಲಿ ರಾಷ್ಟ್ರೀಯ ರೈಲು ರಕ್ಷಣಾ ವ್ಯವಸ್ಥೆ ಎಂದು ಆಯ್ಕೆಯಾದ ‘ಕವಚ’ದ ಬಗ್ಗೆ ಓದಿದವರಿಗೆ ಅದು ಎರಡು ರೈಲು ಗುದ್ದದಂತೆ ತಡೆಯುತ್ತದೆ ಎಂದು ಗೊತ್ತು. ಅದು ಇನ್ನೊಂದು ಸಣ್ಣ ಕೆಲಸವನ್ನೂ ಮಾಡುತ್ತದೆ. ಗೇಟು ಹತ್ತಿರವಾದಾಗ ಚಾಲಕನ ಕೈ ಕಾಯದೆ ತಾನೇ ಹಾರ್ನ್ ಬಾರಿಸುತ್ತದೆ.

ಯಂತ್ರಕ್ಕೆ ವಹಿಸಿದ್ದು ಆ ಒಂದು ಉದ್ದ ಕೂಗನ್ನು ಮಾತ್ರ. ಆ ಕೂಗಿಗೂ ಕೆಲಸ ಕಡಿಮೆಯಾಗುತ್ತಿದೆ. ಗೇಟುಗಳನ್ನು ತೆಗೆದು ಮೇಲ್ಸೇತುವೆ, ಕೆಳಸೇತುವೆ ಕಟ್ಟುತ್ತಿದ್ದಾರೆ. ಗೇಟು ಹೋದ ಕಡೆ ಹಳದಿ ಫಲಕಕ್ಕೂ ಕೆಲಸವಿಲ್ಲ. ಆದರೆ ಮೊದಲ ದೊಡ್ಡ ಮಳೆಗೇ ಕೆಳಸೇತುವೆಯಲ್ಲಿ ಸೊಂಟ ಮಟ್ಟ ನೀರು ನಿಲ್ಲುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಆಗ ಸೈಕಲ್ ಎತ್ತಿಕೊಂಡು, ಮಗುವಿನ ಕೈ ಹಿಡಿದುಕೊಂಡು, ಹಾಲಿನ ಕ್ಯಾನ್ ಹೊತ್ತುಕೊಂಡು ಜನ ಮತ್ತೆ ಹಳೆಯ ಜಾಗದಲ್ಲೇ ಹಳಿ ದಾಟುತ್ತಾರೆ. ಅಲ್ಲಿ ಫಲಕ ಇರುವುದಿಲ್ಲ. ಕವಚದ ಲೆಕ್ಕದಲ್ಲಿ ಅದು ಗೇಟೂ ಅಲ್ಲ. ಅವರನ್ನು ಕಂಡು ಗುಂಡಿ ಒತ್ತುವ ಕೆಲಸ ಈಗಲೂ ಲೋಕೋ ಪೈಲಟ್ ಒಬ್ಬರದೇ.